ಎಲೆ ಫೋಟೋ ಕಳಿಸ್ತೀರಿ ಸರಿ, ಪಂಪಿನ ಕಥೆ ನೀರಿನ ಕಥೆ ಯಾಕೆ ಹೇಳಲ್ಲ?

ವಾಟ್ಸಾಪ್ ಗ್ರೂಪುಗಳಲ್ಲಿ ದಿನಾ ಬೆಳಿಗ್ಗೆ ಇದು ನಡೆಯುತ್ತೆ. ಯಾರೋ ಒಬ್ಬರು ಟೊಮೆಟೊ ಎಲೆಯದೋ ಬೀನ್ಸ್ ಎಲೆಯದೋ ಫೋಟೋ ಹಾಕಿ "ಇದಕ್ಕೆ ಏನು ಹೊಡೀಬೇಕು ಸರ್?" ಅಂತ ಕೇಳ್ತಾರೆ. ಹತ್ತು ನಿಮಿಷದಲ್ಲಿ ಹನ್ನೆರಡು ಉತ್ತರ ಬರುತ್ತೆ. ಒಬ್ಬರು ಬೇವಿನೆಣ್ಣೆ ಅಂತಾರೆ, ಒಬ್ಬರು ಯಾವುದೋ ಕಂಪನಿ ಬಾಟಲಿಯ ಫೋಟೋ ಹಾಕ್ತಾರೆ, ಇನ್ನೊಬ್ಬರು ಹುಳಿ ಮಜ್ಜಿಗೆ ಅಂತಾರೆ. ನಾನೂ ಹಾಗೇ ಉತ್ತರ ಕೊಟ್ಟವನು. ತೋಟಗಾರಿಕೆ ಪದವಿ ಬೇರೆ ಇದೆ, ಕೇಳಿದವರಿಗೆ ಹೇಳದೆ ಇರೋಕಾಗುತ್ತಾ? ಆದ್ರೆ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿದ್ದು ನೋಡಿಲ್ಲ: "ಹೋದ ಸಲ ಯಾವ ಪಂಪಲ್ಲಿ ಹೊಡೆದ್ರಿ? ಯಾವ ನೀರಲ್ಲಿ ಕಲಸಿದ್ರಿ?"

ಆ ಪ್ರಶ್ನೆ ನನಗೆ ನಾನೇ ಕೇಳಿಕೊಳ್ಳೋ ಹಾಗಾಗಿದ್ದು ಕಾಲು ಎಕರೆ ಟೊಮೆಟೊ ಕಳಕೊಂಡ ಮೇಲೆ.

ನಮ್ಮ ಮನೆ ಚಾಮರಾಜಪೇಟೆ. ಜಮೀನು ಬಿಡದಿ ದಾಟಿ ಮಾಗಡಿ ಕಡೆ ಹೋಗೋ ದಾರೀಲಿ, ಎರಡು ಎಕರೆ. ಸಾವಯವದಲ್ಲಿ ತರಕಾರಿ ಬೆಳೆದು ವಾರಕ್ಕೆ ಎರಡು ದಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಮನೆಗಳಿಗೆ ಬುಟ್ಟಿ ಮುಟ್ಟಿಸ್ತೀನಿ. ಶುರುವಿನ ಒಂದು ಮುಂಗಾರಿನಲ್ಲಿ ನನ್ನ ಪಂಪಿನ ಬ್ಯಾಟರಿ ಕೈಕೊಡ್ತು. ಪಕ್ಕದ ಹೊಲದ ಅಣ್ಣ ಒಳ್ಳೆಯವರು. "ನಂದೇ ತಗಂಡೋಗಪ್ಪಾ, ತೊಳೆದೇ ಮಡಗಿದೀನಿ" ಅಂದ್ರು. ತಂದೆ, ಬೇವಿನೆಣ್ಣೆ ಕಲಸಿದೆ, ಹೊಡೆದೆ. ವಾರದೊಳಗೆ ಸುಳಿ ಎಲೆಗಳು ಸಣ್ಣಗಾಗಿ, ಜರೀಗಿಡದ ಎಲೆ ಥರ ಉದ್ದಕ್ಕೆ ಎಳೆದುಕೊಂಡು, ತೊಟ್ಟು ತಿರುಚಿ ಕೆಳಗೆ ಬಾಗಿದವು. ಫೋಟೋ ಹಾಕಿದೆ. ಎಲ್ಲರದೂ ಒಂದೇ ಮಾತು, "ಎಲೆ ಮುದುಡು ರೋಗ, ವೈರಸ್ಸು, ಬಿಳಿನೊಣ ಹಿಡೀರಿ." ಮೊಬೈಲ್ ಆ್ಯಪ್ ಕೂಡ ಅದನ್ನೇ ಹೇಳ್ತು. ನಾನೂ ನಂಬಿ ಹಳದಿ ಅಂಟು ಬಲೆ ಕಟ್ಟಿದೆ.

ಆಮೇಲೆ ಗಮನಿಸಿದ್ದು, ಆ ಪಂಪಲ್ಲಿ ಹೊಡೆದ ಸಾಲುಗಳು ಮಾತ್ರ ಹಾಗಾಗಿವೆ. ಬೇವಿನೆಣ್ಣೆ ಮುಗಿದು ಬಿಟ್ಟಿದ್ದ ಕೊನೆ ನಾಲ್ಕು ಸಾಲು ಹಸಿರಾಗಿ ನಗ್ತಿವೆ. ವೈರಸ್ಸಿಗೆ ಸಾಲು ಎಣಿಸೋಕೆ ಬರುತ್ತಾ? ಹೋಗಿ ಅಣ್ಣನ್ನ ಕೇಳಿದೆ. ಹಿಂದಿನ ವಾರ ಅದೇ ಪಂಪಲ್ಲಿ ರಾಗಿ ಹೊಲಕ್ಕೆ ಅಗಲ ಎಲೆ ಕಳೆಗೆ 2,4-ಡಿ ಹೊಡೆದಿದ್ರು. ತೊಳೆದಿದ್ದು ಸುಳ್ಳಲ್ಲ, ಒಂದು ಬಿಂದಿಗೆ ನೀರು ಹಾಕಿ ಅಲ್ಲಾಡಿಸಿ ಚೆಲ್ಲಿದ್ರು. ಆದ್ರೆ 2,4-ಡಿ ರಬ್ಬರ್ ಪೈಪು, ವಾಷರು, ಜರಡಿ, ಟ್ಯಾಂಕಿನ ಮೂಲೆಗಳಲ್ಲಿ ಕೂತಿರುತ್ತೆ. ಎಣ್ಣೆ, ಸೋಪು ಬಿದ್ದ ತಕ್ಷಣ ಬಿಟ್ಟುಕೊಂಡು ಬರುತ್ತೆ. ಟೊಮೆಟೊ, ದ್ರಾಕ್ಷಿ, ಹತ್ತಿ, ಬೀನ್ಸ್ ಇವಕ್ಕೆ ಅದರ ಒಂದು ಗುಟುಕು ಸಾಕು.

ಗಿಡ ಹೋಗಿದ್ದಕ್ಕಿಂತ ನೋವಾಗಿದ್ದು ಬೇರೆ. ಆ ಕಾಲು ಎಕರೆಯನ್ನ ಸಾವಯವ ಅಂತ ಮಾರೋ ಹಾಗಿರಲಿಲ್ಲ. ಬಸವನಗುಡಿಯ ಒಬ್ಬ ಅಜ್ಜಿ ಪ್ರತಿ ವಾರ "ಔಷಧಿ ಹೊಡೆದಿಲ್ಲ ತಾನೇ ಮಗು?" ಅಂತ ಕೇಳಿ ಕಾಯಿ ಮೂಸಿ ತಗೋತಿದ್ರು. ಅವರಿಗೆ ಏನಂತ ಹೇಳೋದು? ನಾನು ಹೊಡೆದಿಲ್ಲ ಅಜ್ಜಿ, ಪಂಪು ಹೊಡೀತು ಅಂತಲಾ? ಗಿಡ ಕಿತ್ತೆ. ಕಾರಣವನ್ನೂ ಗ್ರಾಹಕರ ಗ್ರೂಪಲ್ಲಿ ಬರೆದೆ. ಇಬ್ಬರು ಬುಟ್ಟಿ ನಿಲ್ಲಿಸಿದ್ರು.

ಅದಕ್ಕೇ ನನ್ನ ಅಭಿಪ್ರಾಯ ಖಡಾಖಂಡಿತ: ಕಳೆನಾಶಕದ ಪಂಪು ಬೇರೆಯೇ ಇರಬೇಕು. ಸಾವಯವ ಮಾಡಿ, ರಾಸಾಯನಿಕ ಮಾಡಿ, ಇದು ಎಲ್ಲರಿಗೂ. ಕೆಂಪು ಪೇಂಟಲ್ಲಿ ಒಂದು ದೊಡ್ಡ ಗುರುತು ಹಾಕಿ, ಓದು ಬಾರದ ಕೂಲಿಯವರಿಗೂ ಗೊತ್ತಾಗಲಿ. ಅಮೋನಿಯಾ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ ತೊಳೆಯೋ ಪದ್ಧತಿ ಇದೆ, ಬೇರೆ ದಾರಿಯೇ ಇಲ್ಲದವರು ಮಾಡ್ತಾರೆ. ಅದರ ಜೊತೆ ಬ್ಲೀಚಿಂಗ್ ಪುಡಿ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತೆ. ಹಾಗೆ ತೊಳೆದ ಪಂಪನ್ನೂ ನಾನಂತೂ ಟೊಮೆಟೊ ಹತ್ತಿರ ಬಿಟ್ಟುಕೊಳ್ಳಲ್ಲ.

ಈಗ ನೀರಿನ ವಿಷಯ. ಇದನ್ನ ಕಲಿಸಿದ್ದು ಕಾಲೇಜಲ್ಲ, ಅಮ್ಮನ ದಾಸವಾಳ.

ಚಾಮರಾಜಪೇಟೆ ಮನೆ ತಾರಸಿ ಮೇಲೆ ಅಮ್ಮನ ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿತ್ತು. ಜಮೀನಿನಲ್ಲಿ ಬಳಸ್ತಿದ್ದ ಅದೇ ಬಾಟಲಿ ಬೇವಿನೆಣ್ಣೆ, ಅದೇ ಖಾದಿ ಸೋಪು ಕೊಟ್ಟು ಹೊಡೆಯೋ ವಿಧಾನ ಹೇಳಿ ಹೋದೆ. ಎರಡು ಸಲ ಹೊಡೆದದ್ದಕ್ಕೆ ತಿಗಣೆ ಹೆಚ್ಚುಕಮ್ಮಿ ಹೋಯ್ತು. ನನ್ನ ಬದನೆಯಲ್ಲಿ ನಾಲ್ಕು ಸಲ ಹೊಡೆದ್ರೂ ಹಾಗೇ ಇತ್ತು. "ಓದಿದವನು ನೀನು, ಹುಳ ಸತ್ತಿದ್ದು ನನ್ನದು" ಅಂತ ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಅವರ ಬಕೆಟ್ ನೋಡಿದೆ. ಹಾಲಿನ ಥರ ಬೆಳ್ಳಗೆ ಕಲೆತಿದೆ. ನನ್ನ ಡ್ರಮ್ಮಲ್ಲಿ ಕಲಸಿದ ಕಾಲು ಗಂಟೆಗೇ ಎಣ್ಣೆ ಮೇಲೆ ತೇಲಿ, ಒಡೆದ ಮೊಸರಿನ ಥರ ಬಿಳಿ ಚೂರು ಅಡ್ಡಾಡ್ತಿರುತ್ತೆ. ಅದೇ ಚೂರು ನಾಝಲ್ ಕಟ್ಟೋದು. ನಾನು ವರ್ಷಗಟ್ಟಲೆ ಎಣ್ಣೆ ಕಂಪನಿಗೆ ಬೈತಿದ್ದೆ.

ವ್ಯತ್ಯಾಸ ಇದ್ದಿದ್ದು ನೀರಲ್ಲಿ. ಅಮ್ಮ ಬಳಸಿದ್ದು ಕಾವೇರಿ ನಲ್ಲಿ ನೀರು. ನನ್ನದು ಬೋರಿನ ಗಡಸು ನೀರು. ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 480 ಮಿಲಿಗ್ರಾಂ, ಪಿಎಚ್ 8.2 ಬಂತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಚರಟ ಆಗುತ್ತೆ. ಸೋಪು ಅಲ್ಲಿಗೇ ಖರ್ಚಾದ ಮೇಲೆ ಎಣ್ಣೆಯನ್ನ ನೀರಲ್ಲಿ ಹಿಡಿದಿಡೋಕೆ ಏನೂ ಉಳಿಯಲ್ಲ. ಟ್ಯಾಂಕಿನ ಮೊದಲ ಅರ್ಧದಲ್ಲಿ ಬರೀ ನೀರು ಹೋಗಿ ಕೊನೆಯಲ್ಲಿ ಬರೀ ಎಣ್ಣೆ ಬಂದು ಎಲೆ ಸುಡುತ್ತೆ.

ತಮಾಷೆ ಏನಂದ್ರೆ, ಕುಡಿಯೋ ನೀರಿನ ಲೆಕ್ಕದಲ್ಲಿ ನನ್ನ ಬೋರು ಪಾಸು. ಭಾರತೀಯ ಮಾನಕ ಐಎಸ್ 10500 ಪ್ರಕಾರ ಬೇರೆ ನೀರು ಸಿಗದಿದ್ದಾಗ ಗಡಸುತನ 600ರವರೆಗೂ ಒಪ್ಪಿಗೆ, ಪಿಎಚ್ 6.5ರಿಂದ 8.5. ಮನುಷ್ಯ ಕುಡಿಯಬಹುದು, ಬೇವಿನೆಣ್ಣೆಗೆ ಆಗಲ್ಲ. ಬೇವಿನಲ್ಲಿ ಕೆಲಸ ಮಾಡೋ ಅಜಾಡಿರಾಕ್ಟಿನ್ ಪಿಎಚ್ 4ರಿಂದ 6ರ ನಡುವೆ ಚೆನ್ನಾಗಿ ಬಾಳುತ್ತೆ, ಕ್ಷಾರದ ನೀರಲ್ಲಿ ಬೇಗ ಒಡೆಯುತ್ತೆ. ರಾಸಾಯನಿಕ ಬಳಸೋರೂ ಬಚಾವಾಗಲ್ಲ. ಕ್ಯಾಪ್ಟಾನ್ ಶಿಲೀಂಧ್ರನಾಶಕ ಪಿಎಚ್ 5ರ ನೀರಲ್ಲಿ ಅರ್ಧಕ್ಕಿಳಿಯೋಕೆ ಒಂದು ದಿನಕ್ಕೂ ಮೇಲೆ ಬೇಕು. ಪಿಎಚ್ 8ರಲ್ಲಿ ಹತ್ತೇ ನಿಮಿಷ ಅನ್ನೋ ಲೆಕ್ಕ ಪುಸ್ತಕಗಳಲ್ಲಿದೆ. ಬೆಳಿಗ್ಗೆ ಡ್ರಮ್ಮಲ್ಲಿ ಕಲಸಿಟ್ಟು ತಿಂಡಿ ತಿಂದು ಬಂದ್ರೆ ಅದರ ಕಥೆ ಮುಗಿದಿರುತ್ತೆ.

ನಮಗೆ ಪಾಠದಲ್ಲೂ, ಬಾಟಲಿ ಚೀಟಿಯಲ್ಲೂ "ಲೀಟರ್ ನೀರಿಗೆ 2 ಎಂಎಲ್" ಅಂತಾರೆ. ಯಾವ ಲೀಟರು? ಸಾವಿರದಲ್ಲಿ 998 ಪಾಲು ನೀರೇ ಆಗಿರುವಾಗ, ಆ 2 ಪಾಲಿನ ಬಗ್ಗೆ ಮಾತ್ರ ಜಗಳ ಆಡೋದು ನನಗೆ ಅರ್ಥವಾಗದ ಸಂಗತಿ. "ನಮ್ಮಪ್ಪನ ಕಾಲದಿಂದ ಇದೇ ನೀರು" ಅನ್ನೋರು ಸಿಗ್ತಾರೆ. ಅಪ್ಪನ ಕಾಲದ್ದು ಮೂವತ್ತು ಅಡಿ ಬಾವಿ ಸ್ವಾಮಿ, ನಿಮ್ಮದು ಸಾವಿರ ಅಡಿ ಬೋರು.

ನೀರು ತಿಳಿಯೋಕೆ ಲ್ಯಾಬಿಗೇ ಓಡಬೇಕಿಲ್ಲ. ಪಾರದರ್ಶಕ ಬಾಟಲಿಗೆ ಅರ್ಧ ನೀರು ಹಾಕಿ, ಸ್ನಾನದ ಸೋಪು ತುರಿದು ಕರಗಿಸಿದ ನೀರು ಹತ್ತು ತೊಟ್ಟು ಬಿಟ್ಟು ಕುಲುಕಿ. ನೊರೆ ತುಂಬಿ ಕೆಳಗೆ ನೀರು ತಿಳಿಯಾಗಿದ್ರೆ ಮೆದು ನೀರು. ನೊರೆ ಬಾರದೆ ಬೆಳ್ಳಗೆ ಕದಡಿದ್ರೆ ಗಡಸು. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಬೇಡಿ, ಅದು ಗಡಸು ನೀರಲ್ಲೂ ನೊರೆ ಬಂದು ಮೋಸ ಮಾಡುತ್ತೆ. ಪಿಎಚ್‌ಗೆ ಪೇಪರ್ ಪಟ್ಟಿ ಆನ್‌ಲೈನಲ್ಲಿ ಸಿಗುತ್ತೆ. ಟಿಡಿಎಸ್ ಮೀಟರ್ ಜೇಬಲ್ಲಿಟ್ಟುಕೊಂಡು ಓಡಾಡೋ ಗೆಳೆಯರಿಗೆ ಒಂದು ಮಾತು: ಅದು ಒಟ್ಟು ಲವಣದ ಅಂದಾಜು ಹೇಳುತ್ತೆ, ಪಿಎಚ್ ಹೇಳಲ್ಲ, ಗಡಸುತನವನ್ನೂ ಬಿಡಿಸಿ ಹೇಳಲ್ಲ. ಎಲ್ಲಕ್ಕಿಂತ ಒಳ್ಳೆಯದು, ಹೊಡೆಯೋ ಮಿಶ್ರಣವನ್ನೇ ಒಂದು ಬಾಟಲಿಯಲ್ಲಿ ಕಲಸಿ ಅರ್ಧ ಗಂಟೆ ಇಡಿ. ಒಡೆದ್ರೆ ಟ್ಯಾಂಕಿಗೆ ಹಾಕಬೇಡಿ. ಈ ಬಾಟಲಿಯ ಫೋಟೋ ಗ್ರೂಪಿಗೆ ಹಾಕಿ ನೋಡೋಣ.

ನಿಂಬೆಹಣ್ಣು ಹಿಂಡಿದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋ ಮಾತೂ ಓಡಾಡ್ತಿದೆ. ಹುಳಿ ಹಾಕಿದ್ರೆ ಪಿಎಚ್ ಇಳಿಯುತ್ತೆ, ನೀರಲ್ಲಿರೋ ಕ್ಯಾಲ್ಸಿಯಂ ಎಲ್ಲೂ ಹೋಗಲ್ಲ. ಸೋಪಿನ ಮಿಶ್ರಣಕ್ಕೆ ಹುಳಿ ಹೆಚ್ಚಾದ್ರೆ ಸೋಪೇ ಒಡೆಯುತ್ತೆ. ಅಂಗಡಿಯಲ್ಲಿ ಸಿಗೋ, ಸೋಪು ಬೇಡದ ಅಜಾಡಿರಾಕ್ಟಿನ್ ಬಾಟಲಿಗೆ ನಾನು ನಿಂಬೆ ಉಪ್ಪು ಬಳಸ್ತೀನಿ. ಮೊದಲು ಒಂದು ಲೀಟರಲ್ಲಿ ಪಿಎಚ್ ಪಟ್ಟಿ ನೋಡ್ತಾ ಎಷ್ಟು ಚಿಟಿಕೆ ಬೇಕು ಅಂತ ಲೆಕ್ಕ ಹಿಡಿದು, ಆಮೇಲೆ ಟ್ಯಾಂಕಿಗೆ. ಎಲ್ಲರಿಗೂ ಒಂದೇ ಅಳತೆ ಹೇಳೋಕಾಗಲ್ಲ, ನೀರು ಬೇರೆ ಬೇರೆ. ತಾಮ್ರದ ಔಷಧಿಗೆ ಮಾತ್ರ ಹುಳಿ ಮುಟ್ಟಿಸಲೇಬೇಡಿ, ಎಲೆ ಸುಟ್ಟು ಹೋಗುತ್ತೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಚಾಲ್ತಿಗೆ ತಂದು ನೂರು ವರ್ಷ ದಾಟಿತು. 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅದರಲ್ಲಿ ಚಾಕು ಅದ್ದಿ ತಾಮ್ರದ ಬಣ್ಣ ಹಿಡಿದ್ರೆ ಸುಣ್ಣ ಸಾಲದು ಅಂತ ಮಲೆನಾಡಿನ ಹಿರಿಯರಿಗೆ ಇವತ್ತಿಗೂ ಗೊತ್ತು. ಮಿಶ್ರಣ ಪರೀಕ್ಷೆ ಮಾಡಿ ಹೊಡೆಯೋ ಆ ಶಿಸ್ತು ನಮ್ಮ ಬಯಲುಸೀಮೆ ತರಕಾರಿಗೆ ಯಾಕೆ ಬರಲಿಲ್ಲವೋ.

ಹಾಗಂತ ನಲ್ಲಿ ನೀರೇ ಶ್ರೇಷ್ಠ ಅಂತ ಅಲ್ಲ. ಅದೇ ಕಾವೇರಿ ನೀರಲ್ಲಿ ಅಮ್ಮ ಸ್ಯೂಡೊಮೊನಾಸ್ ಕಲಸಿದ್ರು, ಏನೂ ಆಗಲಿಲ್ಲ. ಆಗೋದು ಹೇಗೆ, ನೀರಲ್ಲಿ ಕ್ಲೋರಿನ್ ಇರೋದೇ ಸೂಕ್ಷ್ಮಜೀವಿ ಕೊಲ್ಲೋಕೆ. ಅಗಲ ಬಾಯಿಯ ಬಕೆಟ್ಟಲ್ಲಿ ಒಂದು ರಾತ್ರಿ ತೆರೆದಿಟ್ಟು ಆಮೇಲೆ ಕಲಸಿ.

ಇನ್ನು ಕಾಲುವೆ ನೀರು. ಇದನ್ನ ಬರೆಯೋಕೆ ನಂಗೆ ಸ್ವಲ್ಪ ನಾಚಿಕೆಯೂ ಇದೆ, ಯಾಕಂದ್ರೆ ಆ ಕೊಳೆ ನಮ್ಮ ಬಡಾವಣೆಗಳದ್ದೇ. ವೃಷಭಾವತಿ ಹುಟ್ಟೋದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಅಂತ ನಂಬಿಕೆ. ಮಲ್ಲೇಶ್ವರದವರು ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿನ ನಂದಿ ತೀರ್ಥವನ್ನೂ ಅದರ ಮೂಲ ಅಂತಾರೆ. ಹುಟ್ಟಿದ ಜಾಗ ಏನೇ ಇರಲಿ, ಮೈಸೂರು ರಸ್ತೆ ಪಕ್ಕ ಹರಿಯೋ ಹೊತ್ತಿಗೆ ಅದು ಚರಂಡಿ, ಕಾರ್ಖಾನೆ ನೀರು. ಬಿಡದಿ ಹತ್ತಿರ ಬೈರಮಂಗಲ ಕೆರೆ ಸೇರಿ, ಅಲ್ಲಿಂದ ಮುಂದೆ ಅರ್ಕಾವತಿಗೆ. ಬುಟ್ಟಿ ತುಂಬಿಕೊಂಡು ಊರಿಗೆ ಬರುವಾಗ, ಖಾಲಿ ಮಾಡಿ ಹೋಗುವಾಗ, ವಾರಕ್ಕೆ ನಾಲ್ಕು ಸಲ ಆ ವಾಸನೆ ನನ್ನ ಜೊತೆಗಿರುತ್ತೆ. ಆ ಬಯಲಿನ ರೈತರಿಗೆ ವರ್ಷವಿಡೀ ಸಿಗೋ ನೀರು ಅದೊಂದೇ, ಅವರನ್ನ ಬೈಯೋ ಹಕ್ಕು ಚಾಮರಾಜಪೇಟೆಯವನಾದ ನನಗಿಲ್ಲ. ಹುಲ್ಲಿಗೆ, ರೇಷ್ಮೆಗೆ ಹಾಯಿಸೋದು ಒಂದು ಮಾತು. ಅದೇ ನೀರನ್ನ ಪಂಪಿಗೆ ತುಂಬಿ ಸೊಪ್ಪಿನ ಮೇಲೆ, ಹಸಿ ತಿನ್ನೋ ಸೌತೆ ಮೇಲೆ ಹೊಡೆಯೋದು ಬೇರೆ ಮಾತು. ರೋಗಾಣುಗಳು ನೇರವಾಗಿ ತಿನ್ನೋ ಎಲೆಗೇ ಹೋಗುತ್ತವೆ, ಮಣ್ಣಿನ ಕಣ, ಕೊಳೆ ನಾಝಲ್ ಕಟ್ಟುತ್ತವೆ. ಕದಡಿದ ನೀರಲ್ಲಿ ಗ್ಲೈಫೊಸೇಟ್‌ನಂಥ ಕಳೆನಾಶಕ ಕಲಸಿದ್ರೆ ಅದು ಜೇಡಿಮಣ್ಣಿನ ಕಣಕ್ಕೇ ಅಂಟಿಕೊಂಡು ಕಳೆ ಸಾಯಲ್ಲ. ನೀರಾವರಿಗೆ ಯಾವ ನೀರೇ ಇರಲಿ, ಸಿಂಪರಣೆಗೆ ಒಂದು ಡ್ರಮ್ ಬೇರೆ ನೀರು ಇಟ್ಟುಕೊಳ್ಳಿ ಅನ್ನೋದಷ್ಟೇ ನನ್ನ ಬೇಡಿಕೆ.

ಆ ಬೇರೆ ನೀರು ಎಲ್ಲಿಂದ ತರೋದು? ಮೇಲಿಂದ.

ಬೆಂಗಳೂರಲ್ಲಿ 2009ರಿಂದ ದೊಡ್ಡ ಸೈಟುಗಳ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ. ನಮ್ಮ ಮನೆಯಲ್ಲೂ ತಾರಸಿ ಪೈಪಿಗೆ ಸೋಸುವ ಡ್ರಮ್ ಜೋಡಿಸಿದ್ವಿ. ಬಸವನಗುಡಿ ಪಕ್ಕದ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕ್ ಇದೆ, ಮಾದರಿಗಳನ್ನ ಕಣ್ಣಾರೆ ನೋಡಬಹುದು. ಸಾವಿರ ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 930 ಲೀಟರ್. ಮೊದಲ ಕೊಳೆ ನೀರು ಬಿಟ್ಟು, ಚೆಲ್ಲಿದ್ದು ಕಳೆದ್ರೂ 700ಕ್ಕೆ ಮೋಸವಿಲ್ಲ. ಎಕರೆಗೆ ಕೈಪಂಪಲ್ಲಿ ಒಂದು ಸಲ ಹೊಡೆಯೋಕೆ 150ರಿಂದ 200 ಲೀಟರ್ ಸಾಕು. ಅಂದ್ರೆ ಒಂದು ಸಾಧಾರಣ ಮಳೆ, ಮೂರು ಸಿಂಪರಣೆ. ಮಳೆನೀರಲ್ಲಿ ಗಡಸುತನ ಇಲ್ಲವೇ ಇಲ್ಲ ಅನ್ನಬಹುದು, ಪಿಎಚ್ ಕೂಡ ಸ್ವಲ್ಪ ಆಮ್ಲದ ಕಡೆ. ಬೇವಿಗೆ ಹೇಳಿ ಮಾಡಿಸಿದ್ದು.

ಮೊದಲ ವರ್ಷ ನಾನು ಮಾಡಿದ್ದು ನೋಡಿ ಜನ ನಕ್ಕರು. ಊರಿಗೆ ತರಕಾರಿ ತಂದ ಓಮ್ನಿಯಲ್ಲಿ ವಾಪಸ್ ಹೋಗುವಾಗ 20 ಲೀಟರ್ ಕ್ಯಾನ್ ಹತ್ತು ತುಂಬಿಕೊಂಡು ಹೋಗ್ತಿದ್ದೆ, ಚಾಮರಾಜಪೇಟೆ ತಾರಸಿಯ ಮಳೆನೀರು. "ಬೆಂಗಳೂರಿಂದ ಹಳ್ಳಿಗೆ ನೀರು ಹೊತ್ಕೊಂಡು ಬರ್ತಾನೆ ನೋಡ್ರಪ್ಪಾ" ಅಂತ ಟೀ ಅಂಗಡೀಲಿ ಮಾತು. ಆ ವರ್ಷ ಬದನೆಯಲ್ಲಿ ಬೇವಿನೆಣ್ಣೆ ಕೆಲಸ ಮಾಡ್ತು. ಮುಂದಿನ ವರ್ಷ ಜಮೀನಿನ ಶೆಡ್ಡಿನ ಶೀಟಿಗೇ ದೋಣಿ ಕಟ್ಟಿ 2000 ಲೀಟರಿನ ಕಪ್ಪು ಟ್ಯಾಂಕಿಗೆ ಬಿಟ್ಟೆ. ಟ್ಯಾಂಕ್ ಕಪ್ಪೇ ಇರಲಿ, ಮುಚ್ಚಳ ಭದ್ರ ಇರಲಿ, ಇಲ್ಲದಿದ್ರೆ ಪಾಚಿ, ಸೊಳ್ಳೆ. ಸಿಮೆಂಟ್ ತೊಟ್ಟಿ ಬೇಡ, ಸುಣ್ಣದಂಶ ಬಿಟ್ಟು ಪಿಎಚ್ ಏರುತ್ತೆ.

ಪಂಪಿನ ದಿನನಿತ್ಯದ ಆರೈಕೆ ಬಗ್ಗೆ ಹೆಚ್ಚು ಹೇಳಲ್ಲ, ಮಾಡೋರಿಗೆ ಐದು ನಿಮಿಷದ ಕೆಲಸ. ಹೊಡೆದು ಮುಗಿದ ತಕ್ಷಣ ಮೂರು ಸಲ, ಪ್ರತಿ ಸಲ ಸ್ವಲ್ಪ ಸ್ವಲ್ಪ ನೀರು ಹಾಕಿ, ಪೈಪು ನಾಝಲ್ ಮೂಲಕವೇ ಹೊರಗೆ ಬಿಡಿ. ಅದನ್ನ ಹೊಡೆದ ಬೆಳೆ ಮೇಲೇ ಬಿಡಿ, ಬಾವಿ ಕಟ್ಟೆ ಹತ್ತಿರ ಅಲ್ಲ. ಹಿಡಿಯೊಳಗಿನ ಸಣ್ಣ ಜರಡಿ ಇದೆ ಅನ್ನೋದೇ ಅನೇಕರಿಗೆ ಗೊತ್ತಿಲ್ಲ, ಬಿಚ್ಚಿ ನೋಡಿ, ಹೆದರ್ತೀರಿ. ನಾಝಲ್ ಕಟ್ಟಿದ್ರೆ ಬಾಯಲ್ಲಿ ಊದಬೇಡಿ, ಪಿನ್ನು, ತಂತಿ ಚುಚ್ಚಬೇಡಿ. ಹಳೇ ಹಲ್ಲುಜ್ಜೋ ಬ್ರಷ್ ಸಾಕು. ಬ್ಯಾಟರಿ ಪಂಪಾದ್ರೆ ಕೆಲಸವಿಲ್ಲದ ಕಾಲದಲ್ಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ನನ್ನ ಬ್ಯಾಟರಿ ಸತ್ತಿದ್ದು, ಅದರಿಂದ ಆ ಟೊಮೆಟೊ ಹೋಗಿದ್ದು, ಬೇಸಿಗೆಯಲ್ಲಿ ಮೂರು ತಿಂಗಳು ಮೂಲೆಯಲ್ಲಿ ಮರೆತಿದ್ದಕ್ಕೆ.

ಒಂದು ಕೆಲಸ ಮಾತ್ರ ಮೊಬೈಲ್ ಕೈಯಲ್ಲಿರೋ ಎಲ್ಲರೂ ಈ ವಾರ ಮಾಡಿ. ಬರೀ ನೀರು ತುಂಬಿ, ಸ್ಟಾಪ್‌ವಾಚ್ ಹಾಕಿ, ಒಂದು ನಿಮಿಷ ನಾಝಲ್ ನೀರನ್ನ ಅಳತೆ ಜಗ್ಗಿಗೆ ಹಿಡೀರಿ. ಅದೇ ಮಾದರಿಯ ಹೊಸ ನಾಝಲ್ ಹಾಕಿ ಮತ್ತೆ ಹಿಡೀರಿ. ಹಳೇದು ಹತ್ತಕ್ಕೆ ಒಂದು ಪಾಲಿಗಿಂತ ಜಾಸ್ತಿ ಬಿಡ್ತಿದ್ರೆ ಬಿಸಾಕಿ. ನನ್ನದು ಹೊಸದು 600 ಎಂಎಲ್, ಹಳೇದು 790 ಬಂತು. ನಾನು ಅಷ್ಟೂ ದಿನ ಎಕರೆಗೆ ಮೂರನೇ ಒಂದು ಪಾಲು ಎಣ್ಣೆ ಜಾಸ್ತಿ ಚೆಲ್ಲಿದ್ದೆ, ಹನಿ ದಪ್ಪವಾಗಿ ಎಲೆಯಿಂದ ಜಾರಿ ನೆಲಕ್ಕೆ. ಎಸ್.ಜೆ.ಪಿ. ರಸ್ತೆಯಲ್ಲಿ ತಗೊಂಡ ಹೊಸ ನಾಝಲಿನ ಬೆಲೆ ಗಾಂಧಿ ಬಜಾರಿನ ಒಂದು ಮಸಾಲೆ ದೋಸೆಗಿಂತ ಕಮ್ಮಿ.

ಪಕ್ಕದ ಹೊಲದ ಅಣ್ಣ ಈಗಲೂ ಒಳ್ಳೆಯವರೇ. ಹೋದ ತಿಂಗಳು ಅವರೇ ಬಂದು ನನ್ನ ಪಂಪು ಕೇಳಿದ್ರು, ಅವರೆಗೆ ಬೇವು ಹೊಡೀತಾರಂತೆ. ಪಂಪು ಕೊಡಲ್ಲ ಅಣ್ಣಾ ಅಂದೆ. ಮುಖ ಸಣ್ಣಗಾಯ್ತು. ನಾಳೆ ಬೆಳಿಗ್ಗೆ ನಾನೇ ಪಂಪು ತಂದು ಹೊಡೆದುಕೊಟ್ಟು ಹೋಗ್ತೀನಿ, ಮಳೆನೀರೂ ನಂದೇ ಅಂದೆ. ಹೊಡೆದೂ ಕೊಟ್ಟೆ. ಮೊನ್ನೆ ಅವರ ಶೆಡ್ಡಿನ ಶೀಟಿನ ಅಂಚಿಗೆ ಪಿವಿಸಿ ಪೈಪು ಸೀಳಿ ಕಟ್ಟಿದ್ದು ಕಂಡಿತು, ಡ್ರಮ್ ಇನ್ನೂ ತಂದಿಲ್ಲ.